ಕೂಳೆ ಕಬ್ಬಿನ ತರಗು ಮತ್ತು ‘ಥಿಯರಿ’ ಅನ್ನೋ ಮಾತು

ಪಾಂಡವಪುರದ ಕಬ್ಬಿಗ:
ಹೋದ ವರ್ಷ ಕಬ್ಬು ಕಟಾವಾದ ಮೇಲೆ ತರಗಿಗೆ, ಅಂದರೆ ಉಳಿದ ಒಣ ಗರಿಗೆ, ಬೆಂಕಿ ಹಾಕಲಿಲ್ಲ. ಸಾಲಿನ ನಡುವೆ ಹಾಗೇ ಹರಡಿದೆ. ಕಡಿದ ಬುಡದಿಂದ ಮತ್ತೆ ಚಿಗುರೋ ಕೂಳೆ ಚೆನ್ನಾಗಿ ಬಂತು, ನೀರೂ ಕಡಿಮೆ ಸಾಕಾಯಿತು. ತರಗು ಮುಚ್ಚಿದರೆ ತೇವ ಉಳಿದು ಕಬ್ಬು ದಪ್ಪ ಆಗುತ್ತೆ ಅಂತ ನನ್ನ ಗದ್ದೆಯಲ್ಲೇ ಸಾಬೀತಾಗಿದೆ.

ಮದ್ದೂರಿನ ಮೇಷ್ಟ್ರು:
ಸುಡದೆ ಒಳ್ಳೆ ಕೆಲಸ ಮಾಡಿದಿರಿ. ಆದರೆ ‘ಸಾಬೀತು’ ಅನ್ನೋ ಮಾತು ಬೇಗ ಆಯ್ತು ಅನಿಸುತ್ತೆ. ಹೋದ ವರ್ಷ ಮಳೆ ಹೇಗಿತ್ತು? ತರಗು ಹಾಕದ ಗದ್ದೆ ಪಕ್ಕದಲ್ಲಿ ಇತ್ತಾ? ಕಬ್ಬು ಚೆನ್ನಾಗಿ ಬಂದದ್ದು ನೀವು ಕಂಡದ್ದು, ಅದು ವೀಕ್ಷಣೆ. ತರಗಿನಿಂದಲೇ ಬಂತು ಅನ್ನೋದು ಊಹೆ. ಪ್ರಯೋಗ ಇನ್ನೂ ಆಗಿಲ್ಲ.

ಪಾಂಡವಪುರದ ಕಬ್ಬಿಗ:
ಮಳೆ ಚೆನ್ನಾಗೇ ಆಗಿತ್ತು ಮೇಷ್ಟ್ರೇ, ಸುಳ್ಳು ಹೇಳಲ್ಲ. ಆದರೂ ಮೂವತ್ತು ವರ್ಷ ಕಬ್ಬು ಬೆಳೆದವನಿಗೆ ಕಣ್ಣಳತೆಯಲ್ಲೇ ಗೊತ್ತಾಗಲ್ವಾ?

ಮಂಡ್ಯ ಪೇಟೆಯವನು:
ಅಣ್ಣ ಹೇಳಿದ್ದು ಸರಿ. ವಿಜ್ಞಾನಿಗಳ ಥಿಯರಿನೂ ಅಂದಾಜೇ ಅಲ್ವಾ? ಇವತ್ತು ಒಂದು ಹೇಳುತ್ತಾರೆ, ನಾಳೆ ಬದಲಾಯಿಸುತ್ತಾರೆ.

ಗಂಗೋತ್ರಿ ವಿದ್ಯಾರ್ಥಿನಿ:
ಈ ಮಾತು ಕೇಳಿದಾಗಲೆಲ್ಲ ಬೇಜಾರಾಗುತ್ತೆ, ಅದಕ್ಕೇ ಬರೆಯುತ್ತಿದ್ದೇನೆ. ಯುರೇನಸ್ ಗ್ರಹ ನ್ಯೂಟನ್ ಲೆಕ್ಕದ ದಾರಿಯಲ್ಲಿ ಸಾಗುತ್ತಿರಲಿಲ್ಲ. ಆಚೆ ಇನ್ನೊಂದು ಗ್ರಹ ಅದನ್ನು ಎಳೆಯುತ್ತಿರಬೇಕು ಅಂತ ಊಹೆ ಬಂತು. ಫ್ರಾನ್ಸಿನ ಖಗೋಳ ವಿಜ್ಞಾನಿ ಲೆವೆರಿಯೆ ಅದು ಎಲ್ಲಿರಬೇಕು ಅಂತ ಕಾಗದದ ಮೇಲೆ ಲೆಕ್ಕ ಹಾಕಿ ಬರ್ಲಿನ್ ವೀಕ್ಷಣಾಲಯಕ್ಕೆ ಬರೆದರು. 1846ರ ಸೆಪ್ಟೆಂಬರ್ 23ರ ರಾತ್ರಿ ಅಲ್ಲಿನ ಖಗೋಳ ವಿಜ್ಞಾನಿ ಗಾಲೆ ದೂರದರ್ಶಕ ತಿರುಗಿಸಿ ನೋಡಿದರು. ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೇ ನೆಪ್ಚೂನ್ ಸಿಕ್ಕಿತು. ಗ್ರಹವನ್ನು ಪ್ರಯೋಗಶಾಲೆಗೆ ತರೋಕೆ ಆಗಲ್ಲ. ಆದರೆ ‘ಇಲ್ಲಿ ನೋಡಿ, ಇಲ್ಲದಿದ್ದರೆ ನನ್ನದು ತಪ್ಪು’ ಅಂತ ಮೊದಲೇ ಹೇಳೋಕೆ ಆಗುತ್ತೆ. ಸುಮ್ನೆ ಅಂದಾಜು ಮಾಡುವವರು ಹಾಗೆ ಹೇಳುತ್ತಾರಾ?

ಮಂಡ್ಯ ಪೇಟೆಯವನು:
ಅದೇ ಲೆವೆರಿಯೆ ಬುಧನ ವಿಷಯದಲ್ಲಿ ಎಡವಿದರಲ್ಲ? ಬುಧನೂ ಲೆಕ್ಕದ ದಾರಿಯಲ್ಲಿ ಸಾಗುತ್ತಿಲ್ಲ, ಅದನ್ನು ಎಳೆಯೋಕೆ ವಲ್ಕನ್ ಅಂತ ಗ್ರಹ ಇದೆ ಅಂದರು. ಸಿಗಲೇ ಇಲ್ಲ.

ಗಂಗೋತ್ರಿ ವಿದ್ಯಾರ್ಥಿನಿ:
ಎಡವಿದರು. ನನಗೆ ಆ ಕಥೆಯೇ ಜಾಸ್ತಿ ಇಷ್ಟ. ಎಷ್ಟೋ ವರ್ಷ ಹುಡುಕಿದರು, ಸಿಗದೇ ಹೋಯಿತು. ಬುಧನ ದಾರಿಯಲ್ಲಿ ನೂರು ವರ್ಷಕ್ಕೆ 43 ಆರ್ಕ್ ಸೆಕೆಂಡಿನಷ್ಟು (ಒಂದು ಡಿಗ್ರಿಯ 3600ನೇ ಒಂದು ಪಾಲೇ ಒಂದು ಆರ್ಕ್ ಸೆಕೆಂಡ್) ವ್ಯತ್ಯಾಸ, ತೀರಾ ಚಿಕ್ಕದು. ಆದರೂ ಯಾರೂ ಅದನ್ನು ಮುಚ್ಚಿಡಲಿಲ್ಲ. 1915ರಲ್ಲಿ ಐನ್‌ಸ್ಟೈನ್ ಅವರ ಹೊಸ ಸಿದ್ಧಾಂತದಿಂದ ಆ ಲೆಕ್ಕ ಸರಿಹೋಯಿತು. ಹಾಗಂತ ನ್ಯೂಟನ್ ಮೂಲೆ ಸೇರಲಿಲ್ಲ. ಕನ್ನಂಬಾಡಿ ಕಟ್ಟೆ ತಡೆಯೋ ನೀರಿನ ಒತ್ತಡದ ಲೆಕ್ಕಕ್ಕೆ ಇವತ್ತಿಗೂ ನ್ಯೂಟನ್ನೇ ಸಾಕು.

ಮದ್ದೂರಿನ ಮೇಷ್ಟ್ರು:
ಚೆನ್ನಾಗಿ ಹೇಳಿದೆ ತಾಯಿ. ಈಗ ಕಬ್ಬಿಗೆ ಬರೋಣ. 1919ರಲ್ಲಿ ಫಿಶರ್ ಅನ್ನೋ ಸಂಖ್ಯಾಶಾಸ್ತ್ರಜ್ಞರು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರಕ್ಕೆ ಸೇರಿದರು. ಒಂದೇ ಹೊಲದಲ್ಲೂ ಮಣ್ಣು ಒಂದೇ ಸಮ ಇರಲ್ಲ. ಬೆಳೆ ಹೆಚ್ಚಾದದ್ದು ಗೊಬ್ಬರದಿಂದಲೋ ಮಣ್ಣಿನಿಂದಲೋ? ಅದಕ್ಕೆ ಅವರು ಹೊಲವನ್ನು ತಾಕುಗಳಾಗಿ ಮಾಡಿ, ಯಾವ ತಾಕಿಗೆ ಏನು ಅಂತ ಚೀಟಿ ಎತ್ತಿದ ಹಾಗೆ ತೀರ್ಮಾನಿಸಿ ಅಂದರು. ನಾವೇ ಆರಿಸಿದರೆ ಕೈ ಒಳ್ಳೆ ಮಣ್ಣಿನ ಕಡೆಗೇ ಹೋಗುತ್ತೆ, ಗೊತ್ತಿಲ್ಲದೇನೇ.

ಪಾಂಡವಪುರದ ಕಬ್ಬಿಗ:
ಇದು ನನಗೆ ಹಿಡಿಸಿತು. ನನ್ನ ಗದ್ದೆಯ ನಾಲೆ ಕಡೆಯ ಭಾಗ ಯಾವಾಗಲೂ ಮುಂದು. ಹೋದ ವರ್ಷ ತರಗು ಹರಡಿದ್ದೂ ಅಲ್ಲೇ. ಈ ಸಲ ಎಂಟು ತಾಕು ಮಾಡುತ್ತೇನೆ, ನಾಲ್ಕಕ್ಕೆ ತರಗು. ಚೀಟಿ ಮಗಳ ಕೈಲಿ ಎತ್ತಿಸುತ್ತೇನೆ.

ಮಂಡ್ಯ ಪೇಟೆಯವನು:
ಒಂದು ವರ್ಷದ ಲೆಕ್ಕ ನಾನಂತೂ ಒಪ್ಪಲ್ಲ.

ಮದ್ದೂರಿನ ಮೇಷ್ಟ್ರು:
ಒಪ್ಪಬೇಡಿ! ಬರದ ವರ್ಷದಲ್ಲೂ ಮಾಡಬೇಕು, ಬೇರೆ ಊರಿನವರೂ ಮಾಡಬೇಕು. ಕಬ್ಬಿಗರೇ, ಯೂರಿಯಾ ಎಲ್ಲ ತಾಕಿಗೂ ಒಂದೇ ಅಳತೆ ಇರಲಿ. ಪ್ರತಿ ತಾಕಿಗೆ ಎಷ್ಟು ಸಲ ನೀರು ಹಾಯಿಸಿದಿರಿ ಅಂತ ಬರೆದಿಡಿ. ನೀರು ಪಕ್ಕಕ್ಕೆ ಒಸರುತ್ತೆ, ಅದಕ್ಕೆ ನಡುವೆ ಎರಡೆರಡು ಸಾಲು ಬಿಡಿ. ಆ ಸಾಲಿನ ಕಬ್ಬನ್ನು ತೂಕಕ್ಕೆ ಸೇರಿಸಬೇಡಿ.

ಪಾಂಡವಪುರದ ಕಬ್ಬಿಗ:
ಆಯ್ತು. ತರಗು ಬೇಡದ ತಾಕಿನದನ್ನು ಪಕ್ಕದ ತಾಕಿಗೆ ಹಾಕಬಹುದಾ?

ಮದ್ದೂರಿನ ಮೇಷ್ಟ್ರು:
ಬೇಡ, ಅಲ್ಲಿ ಎರಡು ಪಾಲು ಬಿದ್ದು ಲೆಕ್ಕ ಕೆಡುತ್ತೆ. ತಿಪ್ಪೆಗೆ ಹಾಕಿ, ಗೊಬ್ಬರ ಆಗಲಿ.