ಸಮುದಾಯ ಭವನದ ಹಬ್ಬ: ರಾಜ್ಯಕ್ಕೆ ಐದು ನಿಮಿಷದ ವೇದಿಕೆ ಸಾಕೇ?

ಪ್ರಶ್ನೆ – ಸಮಿತಿ ಸದಸ್ಯ, ಬೆಂಗಳೂರು

ವೈಟ್‌ಫೀಲ್ಡ್ ಕಡೆಯ ನಮ್ಮ ಬಡಾವಣೆಯಲ್ಲಿ ಕನ್ನಡಿಗರ ಜೊತೆಗೆ ತೆಲುಗು, ಮಲಯಾಳಂ, ಒಡಿಯಾ, ಬಂಗಾಳಿ ಮಾತನಾಡುವ ಕುಟುಂಬಗಳೂ ಇದ್ದು, ಎಲ್ಲರಿಗೂ ಸೇರಿದ ಒಂದು ಸಮುದಾಯ ಭವನವಿದೆ. ಕಳೆದ ವರ್ಷ ರಾಜ್ಯೋತ್ಸವದ ದಿನ ಒಂದೊಂದು ರಾಜ್ಯದವರಿಗೆ ಐದೈದು ನಿಮಿಷ ವೇದಿಕೆ ಕೊಟ್ಟೆವು. ಪ್ರತಿ ಗುಂಪಿನವರೂ ತಮ್ಮ ಮಕ್ಕಳ ನೃತ್ಯವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು, ಅದು ಮುಗಿದ ಕೂಡಲೇ ಊಟದ ಸಾಲಿಗೆ ಎದ್ದುಹೋದರು. ಕೊನೆಯ ತಂಡ ಕುಣಿಯುವಾಗ ಸಭಾಂಗಣದಲ್ಲಿ ಉಳಿದಿದ್ದವರು ಧ್ವನಿವರ್ಧಕದವರು ಮಾತ್ರ. ಈ ಸಲ ಪ್ರತಿಯೊಬ್ಬರ ಹಬ್ಬವನ್ನೂ ಬೇರೆ ಬೇರೆಯಾಗಿ ಮಾಡೋಣ ಎಂದು ಕೆಲವರು, ರಾಜ್ಯೋತ್ಸವವೊಂದೇ ಸಾಕು ಎಂದು ಕೆಲವರು ವಾದಿಸುತ್ತಿದ್ದಾರೆ. ಅನುಭವಸ್ಥರು ಏನು ಹೇಳುತ್ತೀರಿ?

ಉತ್ತರ – ಮುಂಬೈ ಕನ್ನಡಿಗ

ಪರಊರಿನಲ್ಲಿ ನೆಲೆಸಿದವರ ಕಡೆಯಿಂದ ಒಂದು ಮಾತು. ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರಲ್ಲಿ ಆರಂಭವಾದ ಸಂಸ್ಥೆ; ನಾಟಕ, ಯಕ್ಷಗಾನ, ಉಪನ್ಯಾಸಗಳಿಗೆ ಅದು ಇಂದಿಗೂ ಮನೆಯಂತಿದೆ. ಆದರೆ ಈ ನಗರದಲ್ಲಿ ಕನ್ನಡಿಗರನ್ನು ಬೆಸೆದದ್ದು ವೇದಿಕೆ ಮಾತ್ರವಲ್ಲ. ಹಗಲು ಹೋಟೆಲುಗಳಲ್ಲಿ ದುಡಿಯುತ್ತಿದ್ದ ಕರಾವಳಿಯ ಹುಡುಗರು ಸಂಜೆಯ ಹೊತ್ತು ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದರು, ಮತ್ತು ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡುತ್ತಿದ್ದ ಅನೇಕರು ಕನ್ನಡದ ಸಂಘಗಳನ್ನು ತಮ್ಮವೆಂದೇ ನಡೆಸಿದರು. ಮಳೆಗಾಲದಲ್ಲಿ ಊರಿನ ಯಕ್ಷಗಾನ ಮೇಳಗಳ ತಿರುಗಾಟ ನಿಂತಾಗ ಕಲಾವಿದರು ಇಲ್ಲಿಗೆ ಬಂದು ಆಟ ಆಡುತ್ತಾರೆ. ಅವರ ಊಟ, ವಸತಿ, ಟಿಕೆಟಿನ ಹೊಣೆ ಹೊರುವ ಓಡಾಟದಲ್ಲಿಯೇ ಜನ ಒಬ್ಬರನ್ನೊಬ್ಬರು ಅರಿಯುತ್ತಾರೆ. ಆದ್ದರಿಂದ ನಿಮ್ಮವರಿಗೆ ವೇದಿಕೆಯ ನಿಮಿಷಗಳನ್ನು ಹಂಚುವ ಬದಲು ಕೆಲಸವನ್ನು ಹಂಚಿ.

ಉತ್ತರ – ಕರಾವಳಿಗ

ಮೇಲಿನವರ ಮಾತಿಗೆ ನನ್ನ ಸಹಮತವಿದೆ. ಹಬ್ಬವನ್ನು ರಾಜ್ಯದ ಹೆಸರಿನಲ್ಲಿ ವಿಂಗಡಿಸುವುದಕ್ಕಿಂತ ಎಲ್ಲರಲ್ಲೂ ಇರುವ ಒಂದು ವಸ್ತುವನ್ನು ಹಿಡಿಯುವುದು ಮೇಲು. ಹೊಸ ಭತ್ತವನ್ನೇ ನೋಡಿ. ನಮ್ಮಲ್ಲಿ ಹಿಂದೂ ಮನೆಗಳವರು ತೆನೆ ತಂದು ಬಾಗಿಲಿಗೆ ಕಟ್ಟಿ ಹೊಸ ಅಕ್ಕಿ ಊಟ ಮಾಡುತ್ತಾರೆ. ಕೊಂಕಣಿ ಕ್ರೈಸ್ತರು ಸೆಪ್ಟೆಂಬರ್ 8ರ ಮೊಂತಿ ಹಬ್ಬದಲ್ಲಿ ಇಗರ್ಜಿಯಲ್ಲಿ ಆಶೀರ್ವದಿಸಿದ ತೆನೆಯನ್ನು ಮನೆಗೊಯ್ದು, ಅದರ ಕಾಳನ್ನು ಸುಲಿದು ಹಾಲಿಗೋ ಪಾಯಸಕ್ಕೋ ಬೆರೆಸಿ ಹಂಚಿಕೊಳ್ಳುತ್ತಾರೆ, ಮತ್ತು ಅಂದಿನ ಊಟ ಬಾಳೆಯೆಲೆಯ ಮೇಲೆ, ಪೂರ್ತಿ ಸಸ್ಯಾಹಾರ. ಕೊಡಗಿನಲ್ಲಿ ಪುತ್ತರಿ ಇದೆ, ಒಡಿಶಾದ ಪಶ್ಚಿಮ ಭಾಗದಲ್ಲಿ ಗಣೇಶ ಚೌತಿಯ ಮರುದಿನ ನುಆಖಾಯಿ ಇದೆ. ಒಂದು ‘ಹೊಸ ಅಕ್ಕಿ ಊಟ’ ಏರ್ಪಡಿಸಿ, ಪ್ರತಿ ಮನೆಯವರೂ ತಮ್ಮ ಊರಿನ ಒಂದು ಅಕ್ಕಿಯ ಅಡುಗೆಯನ್ನು ಮಾಡಿ ತರಲಿ. ಪಾಯಸದ ಪಕ್ಕದಲ್ಲಿ ಒಡಿಶಾದ ಅಕ್ಕಿಹಿಟ್ಟಿನ ತಿಂಡಿ ಪಿಠಾ ಬಂದು ಕುಳಿತರೆ ಭಾಷಣ ಬೇಕಾಗುವುದಿಲ್ಲ.

ಉತ್ತರ – ಹಳೇ ಬಡಾವಣೆ

ನನ್ನದು ಸ್ವಲ್ಪ ಭಿನ್ನ ನಿಲುವು. ಊಟ ಚೆನ್ನಾಗಿರಲಿ, ಆದರೆ ರಾಜ್ಯೋತ್ಸವವನ್ನು ಅದರಲ್ಲಿ ಕರಗಿಸಬೇಡಿ. 1956ರ ನವೆಂಬರ್ 1ರಂದು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರು ಒಂದಾದರು, 1973ರಲ್ಲಿ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು. ಆ ದಿನ ಕನ್ನಡದ್ದಾಗಿಯೇ ಇರಲಿ. ಬಂಗಾಳಿ ಹುಡುಗಿ ಡೊಳ್ಳು ಬಾರಿಸಲಿ, ಮಲಯಾಳಿ ಹಿರಿಯರು ಧ್ವಜಾರೋಹಣ ಮಾಡಲಿ. ಅದಕ್ಕೆ ಪ್ರತಿಯಾಗಿ ಓಣಂ ಬಂದಾಗ ಕನ್ನಡಿಗರು ಅತಿಥಿಗಳಂತೆ ಹೋಗಿ ಕೂರದೆ, ಹಿಂದಿನ ರಾತ್ರಿಯೇ ಭವನದ ನೆಲದ ಮೇಲೆ ಹಳೆಯ ಪತ್ರಿಕೆ ಹರಡಿಕೊಂಡು ಪೂಕಳಂ ಎಂಬ ಹೂವಿನ ರಂಗೋಲಿಗೆ ಬೇಕಾದ ಚೆಂಡುಹೂವಿನ ಎಸಳು ಬಿಡಿಸಲಿ. ಬೆರಳು ಹಳದಿಯಾಗುವಷ್ಟು ಹೊತ್ತು ಪಕ್ಕದಲ್ಲಿ ಕುಳಿತವರು ಮರುದಿನ ಲಿಫ್ಟಿನಲ್ಲಿ ಮುಖ ತಿರುಗಿಸುವುದು ಕಷ್ಟ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಓಣಂ, ಹೊಸ ಅಕ್ಕಿ ಊಟ, ರಾಜ್ಯೋತ್ಸವ ಮೂರನ್ನೂ ಇದೇ ವಿಧಾನದಲ್ಲಿ ನಡೆಸುವ ಪ್ರಸ್ತಾಪವನ್ನು ಸಮಿತಿಯ ಮುಂದಿಡುತ್ತೇನೆ. ಇನ್ನೊಂದು ತೊಡಕಿದೆ: ರಾಯಚೂರು, ಕಲಬುರಗಿ, ಅಸ್ಸಾಂ ಕಡೆಯಿಂದ ಬಂದ ಕಾವಲುಗಾರರು ಮತ್ತು ಸ್ವಚ್ಛತಾ ಸಿಬ್ಬಂದಿ ಪ್ರತಿ ಕಾರ್ಯಕ್ರಮದಲ್ಲೂ ಕೆಲಸಕ್ಕಿರುತ್ತಾರೆಯೇ ಹೊರತು ಪಾಲುದಾರರಾಗಿರುವುದಿಲ್ಲ.

ಉತ್ತರ – ಹಳೇ ಬಡಾವಣೆ

ಅವರ ಪಾಳಿ ಬದಲಾಗುವ ಸಮಯವನ್ನು ನೋಡಿಕೊಂಡು ಊಟವನ್ನು ಎರಡು ಪಂಕ್ತಿಗಳಾಗಿ ಮಾಡಿ, ಮೊದಲ ಪಂಕ್ತಿಯಲ್ಲಿ ಅವರನ್ನು ಕುಟುಂಬಸಮೇತ ಕೂರಿಸಿ, ಸಮಿತಿಯವರೇ ಬಡಿಸಿ. ಜೋಳದ ರೊಟ್ಟಿ, ಎಣ್ಣೆಗಾಯಿ ಯಾರು ಮಾಡಬಲ್ಲರೆಂದು ಅವರನ್ನೇ ವಿಚಾರಿಸಿ. ಮಾಡಿಸಿದರೆ ಸಾಮಾನಿನ ಖರ್ಚಿನ ಜೊತೆಗೆ ಕೂಲಿಯನ್ನೂ ಕೊಡಿ.