ಬಾರ್ಬರಿ ಮೇಕೆಯ ಹಾಲಿಗೆ ವಾಸನೆ

ಪ್ರಶ್ನೆ: ತುಮಕೂರಿನ ಹತ್ತಿರದ ನಮ್ಮ ಹಿತ್ತಲಿನಲ್ಲಿ ಮನೆಯ ಹಾಲಿಗೆಂದು ಬಾರ್ಬರಿ ತಳಿಯ ಎರಡು ಮೇಕೆಗಳನ್ನೂ ಒಂದು ಹೋತವನ್ನೂ ಸಾಕಿದ್ದೇವೆ. ಮೊನ್ನೆಯಿಂದ ಹಾಲು ನಾರುತ್ತಿದ್ದು, ಮಕ್ಕಳು ಲೋಟವನ್ನು ಮೂಗಿನ ಬಳಿ ತಂದೊಡನೆ ಕೆಳಗಿಡುತ್ತಾರೆ. ಏನು ಮಾಡಬೇಕು?

ಉತ್ತರ: ಹೋತದ ವಾಸನೆ ಹಾಲಿಗೆ ಬೇಗ ಹತ್ತುವುದರಿಂದ ಅದನ್ನು ದೂರದಲ್ಲಿ ಕಟ್ಟಿ, ಕೆಚ್ಚಲನ್ನು ಬೆಚ್ಚನೆಯ ನೀರಿನಲ್ಲಿ ತೊಳೆದು ಒರೆಸಿ, ಮೊದಲ ಧಾರೆಗಳನ್ನು ಕಪ್ಪು ಬಟ್ಟೆಯ ಮೇಲೆ ಕರೆದು ನೋಡಿರಿ. ಗರಣೆ (ಹಾಲಿನ ಗಡ್ಡೆ) ಕಂಡರೆ ಕೆಚ್ಚಲು ಬಾವು ಇರಬಹುದು; ಪಶುವೈದ್ಯರಿಗೆ ತೋರಿಸಲು ತಡಮಾಡಬೇಡಿರಿ.

ಮತ್ತೊಂದು ಉತ್ತರ: ಹೋತವನ್ನು ಸದಾ ಮೇಕೆಗಳ ಜೊತೆ ಇರಿಸಬೇಕಿಲ್ಲ. ಬೆದೆ (ಮೇಕೆ ಹೋತವನ್ನು ಕೂಡುವ ಕಾಲ) ಸುಮಾರು 21 ದಿನಗಳಿಗೊಮ್ಮೆ ಬರುತ್ತದೆ, ಹೋತವನ್ನು ಆಗ ಮಾತ್ರ ಬಿಟ್ಟು, ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತಿಸಿದರೆ ಸುಮಾರು 150 ದಿನಗಳಿಗೆ ಈಯುವುದನ್ನು ಎದುರುನೋಡಬಹುದು. ಈಯುವ ಎರಡು ತಿಂಗಳ ಮೊದಲೇ ಹಾಲು ಬತ್ತಿಸಿರಿ.

ಪ್ರಶ್ನೆ ಕೇಳಿದವರು: ಹೋತವನ್ನು ಹುಣಸೆಮರದಾಚೆ ಕಟ್ಟಿದೆವು. ಬಟ್ಟೆಯ ಮೇಲೆ ಗರಣೆ ಕಾಣಲಿಲ್ಲ.