ಉಪಗ್ರಹದ ಗಾಳಿಗೂ ಬಲೂನಿನ ಗಾಳಿಗೂ ಯಾಕೆ ತಾಳೆಯಾಗಲ್ಲ?

ಪ್ರಶ್ನೆ: ಜುಲೈನಲ್ಲಿ ಇನ್ಸಾಟ್-3ಡಿಆರ್ ಹವಾಮಾನ ಉಪಗ್ರಹ ಕೊಡುವ ಗಾಳಿಗೂ ಮಂಗಳೂರಿನ ಹವಾಮಾನ ಬಲೂನ್ ಅಳತೆಗೂ ಕೆಲವೊಮ್ಮೆ ದಿಕ್ಕೇ ಬೇರೆ. ಯಾವುದನ್ನು ನಂಬಬೇಕು?

ಉತ್ತರ 1: ಉಪಗ್ರಹ ಗಾಳಿಯನ್ನು ನೇರವಾಗಿ ಅಳೆಯಲ್ಲ. ಅರ್ಧರ್ಧ ಗಂಟೆಗೆ ತೆಗೆದ ಮೂರು ಚಿತ್ರಗಳಲ್ಲಿ ಒಂದೇ ಮೋಡದ ತುಣುಕು ಎಷ್ಟು ಸರಿದಿದೆ ಅಂತ ನೋಡಿ ಲೆಕ್ಕ ಹಾಕ್ತಾರೆ. ಹೆಚ್ಚಾಗಿ ತಪ್ಪೋದು ವೇಗವಲ್ಲ, ಎತ್ತರ. ಮೋಡದ ಎತ್ತರವನ್ನು ಅದು ಎಷ್ಟು ತಣ್ಣಗಿದೆ ಅನ್ನೋದರಿಂದ ಅಂದಾಜಿಸ್ತಾರೆ; ಮೇಲಿದ್ದಷ್ಟೂ ತಣ್ಣಗೆ. ತೆಳು ಸಿರಸ್ (ತುಂಬಾ ಎತ್ತರದ, ಎಳೆಎಳೆಯಾದ) ಮೋಡದ ಮೂಲಕ ಕೆಳಗಿನ ಶಾಖವೂ ಹಾದುಬರುವುದರಿಂದ ಮೋಡ ಇರುವುದಕ್ಕಿಂತ ಬೆಚ್ಚಗೆ, ಅಂದ್ರೆ ಕೆಳಗಿರುವಂತೆ ಕಾಣುತ್ತೆ. ಮುಂಗಾರಿನಲ್ಲಿ ಕೆಳಗೆ ಪಶ್ಚಿಮದ ಗಾಳಿ, ಮೇಲೆ ಪೂರ್ವದ್ದು. ಎತ್ತರ ತಪ್ಪಿದರೆ ದಿಕ್ಕೂ ತಪ್ಪಿದಂತೆಯೇ.

ಉತ್ತರ 2: ಸಮಯವನ್ನೂ ನೋಡಿ. ಬೆಳಗ್ಗೆ 5:30ರ ವೀಕ್ಷಣೆಯ ಬಲೂನನ್ನು ಮುಂಚೆಯೇ, 5 ಗಂಟೆ ಸುಮಾರಿಗೆ ಬಿಟ್ಟಿರ್ತಾರೆ. ಸೆಕೆಂಡಿಗೆ ಸುಮಾರು 5 ಮೀಟರ್ ಏರುವುದರಿಂದ 1.5 ಕಿ.ಮೀ. ದಾಟೋಕೆ ಐದೇ ನಿಮಿಷ ಸಾಕು. ಕೆಳಮಟ್ಟದ ಗಾಳಿಗೆ 5 ಗಂಟೆ ಆಸುಪಾಸಿನ ಚಿತ್ರ ಹಿಡಿದು ಹೋಲಿಸಿ. ಕರಾವಳಿಯ ಮೇಲೆ ನಾನಾದರೆ ಬಲೂನನ್ನೇ ನಂಬ್ತೀನಿ; ನಡುಗಡಲಲ್ಲಿ ಬಲೂನೇ ಇಲ್ಲವಲ್ಲ, ಅಲ್ಲಿ ಉಪಗ್ರಹವೇ ಗತಿ.